ಹನ್ನೆರಡರಲ್ಲಿ ಒಬ್ಬಳು

ಹೊಸೂರಿನ ಫ್ಯಾಕ್ಟರಿ, ಎರಡನೇ ಶಿಫ್ಟು.
ನೀಲಿ ಟೋಪಿ ಹೋಗಿ ಹಳದಿ ಬಂದು ಇಪ್ಪತ್ತು ದಿನ,
ನಾನೀಗ ಲೈನ್ ಲೀಡರು.

ಹನ್ನೆರಡು ಹೆಸರಿಗೆ ಅಂಕ ಕೇಳುತ್ತದೆ ಫಾರಂ.
ಒಬ್ಬಳಿಗಾದರೂ ‘ಒಂದು’ ಕೊಡಲೇಬೇಕಂತೆ.
“ಎಲ್ಲರೂ ಚೆನ್ನಾಗಿದ್ದಾರೆ ಅಂದರೆ
ನೀನು ಸರಿಯಾಗಿ ನೋಡಿಲ್ಲ ಅಂತ”
ಸಾರ್ ತಮಿಳಿನಲ್ಲಿ ನಕ್ಕರು.

ನೋಡಿದ್ದೇನೆ.
ತಳಿಯ ಮುನಿಲಕ್ಷ್ಮಿ ನಿಧಾನ, ನಿಜ.
ಹೊಸ ಹುಡುಗಿ ಕೈ ಸುಟ್ಟುಕೊಂಡಾಗ
ಸೀಟು ಬಿಟ್ಟು ಎದ್ದವಳೂ ಅವಳೊಬ್ಬಳೇ;
ಆ ನಾಲ್ಕು ನಿಮಿಷ
ಅವಳ ಲೆಕ್ಕದಲ್ಲೇ ಕೆಂಪಗೆ ಕೂತಿದೆ.
ಎದ್ದದ್ದಕ್ಕೆ ಕಾಲಂ ಇಲ್ಲ.

ರಾತ್ರಿ ಹನ್ನೊಂದರ ಕಂಪನಿ ಬಸ್ಸು.
ಪಕ್ಕದ ಸೀಟಿಗೆ ವೇಲು ಹಾಸಿ ಕೂಗಿದಳು,
“ಬಾರೇ ಲೀಡರಮ್ಮ, ಯಾರ ತಲೆಗೆ ಹಾಕಿದೆ?”
ಡಬ್ಬಿಯಲ್ಲಿ ಮಿಕ್ಕ ಹುರುಳಿ ಗುಗ್ಗರಿ
ನನ್ನ ಅಂಗೈಗೆ ಸುರಿದಳು.

ತಿಂದೆ.
ಉಪ್ಪು ಜಾಸ್ತಿ ಅಂದೆ.