ಬಿಟ್ಟ ವಾಕ್ಯ

ನಾಲ್ಕು ವರ್ಷ, ಇನ್ನೂರ ಹದಿನೇಳು ಕಡಿತ.
ಹೆಚ್ಚಿನವು ಕಣಕಾಲಿನ ಕೆಳಗೆ,
ಕಾಫಿ ಕೊಯ್ಲಿನ ತಿಂಗಳುಗಳಲ್ಲಿ,
ಬರಿಗಾಲಿನವರಿಗೆ.
ಬರೆದೆ. ಅಚ್ಚಾಯಿತು.
ಓದಿದವರು ನನ್ನ ಗೈಡು,
ಮತ್ತೆ ಅಲ್ಪವಿರಾಮ ತಿದ್ದಿಕೊಟ್ಟ ಇನ್ನಿಬ್ಬರು.

ಆಮೇಲೆ ಮಡಿಕೇರಿಯ ರೇಡಿಯೋ ಮೆಟ್ಟಿಲು ಹತ್ತಿದೆ.
"ತೊಂಬತ್ತು ಸೆಕೆಂಡು, ಡಾಕ್ಟ್ರೇ," ಅಂದ ಚೀಯಣ್ಣ,
"ಒಂದು ನಂಬರು ಹೇಳಿ, ಒಂದು ಹೆಸರು ಹೇಳಿ.
‘ಆದರೆ’ ಮಾತ್ರ ಬೇಡ.
ಆ ಪದ ಕೇಳಿದ್ದೇ ತಡ
ಜನ ಸ್ಟೇಷನ್ ತಿರುಗಿಸ್ತಾರೆ."

ನಂಬರು: ಐದು ಗಂಟೆ,
ಲೈನ್‌ಮನೆಯಿಂದ ಔಷಧಿಯ ಬಾಟಲಿಯವರೆಗೆ.
ಹೆಸರು: ಶ್ರೀಮಂಗಲದಾಚೆಯ ಚೋಮಿ.

ಪತ್ರಿಕೆಯವರು ಬಂದಾಗ
ಅವಳು ಒಳಗೆ ಹೋಗಿ ಕಾಲು ತೊಳೆದು ಬಂದಳು.
ಕಪ್ಪುಗಟ್ಟಿದ ಹಿಮ್ಮಡಿ, ಮೂರು ಕಾಲಮ್ಮು,
ಕೆಳಗೆ ನನ್ನ ಹೆಸರು, ಪದವಿ ಸಮೇತ.

ಮತ್ತೆ ಎಲ್ಲ ತಾನಾಗಿ ನಡೆಯಿತು.
ಬೆಂಗಳೂರಿಂದ ಫೋನು, ಜಿಲ್ಲಾಧಿಕಾರಿಯ ಮೀಟಿಂಗು,
ವರ್ಷಗಟ್ಟಲೆ ಕೂತಿದ್ದ ಫೈಲಿಗೆ ಕಾಲು ಬಂತು.
ಪ್ರಾಥಮಿಕ ಕೇಂದ್ರದ ಫ್ರಿಜ್ಜಿನಲ್ಲಿ, ಪೋಲಿಯೋ ಲಸಿಕೆಯ ಪಕ್ಕ,
ಇಪ್ಪತ್ತು ಬಾಟಲಿ.
ಬಾಗಿಲು ತೆರೆದು ಹಿಡಿದು ಫೋಟೋ ತೆಗೆಸಿಕೊಂಡೆವು.
ತಣ್ಣನೆ ಗಾಳಿ ಮೊಣಕಾಲಿಗೆ ಬಡಿಯುತ್ತಿತ್ತು.

ನಾಗರಹಾವಿಗೆ ಅದು ಸಾಕು. ಕೊಳಕುಮಂಡಲಕ್ಕೂ.
ಮೂರು ಜೀವ ಉಳಿಯಿತು ಈ ವರ್ಷ,
ಸುಳ್ಳಲ್ಲ, ರಿಜಿಸ್ಟರಿನಲ್ಲಿದೆ.

ನಾಲ್ಕನೆಯ ಕೋಷ್ಟಕದ ಅಡಿಟಿಪ್ಪಣಿಯಲ್ಲಿ ಇನ್ನೊಂದಿದೆ:
ಕಾಫಿಗಿಡದ ಬುಡದಲ್ಲಿ, ತರಗೆಲೆಯ ಬಣ್ಣದಲ್ಲಿ,
ಗೇಣುದ್ದದ ಗುಳಿಮಂಡಲ.
ಅದಕ್ಕೆ ಈ ಬಾಟಲಿ ನಾಟುವುದಿಲ್ಲ.
ಅದಕ್ಕಿರುವ ಮದ್ದು ಒಂದು ಜೊತೆ ಗಂಬೂಟು,
ತೋಟದ ಮಾಲೀಕ ಕೊಡಿಸಬೇಕಾದ್ದು.

ಆ ವಾಕ್ಯ ಬಿಟ್ಟೆ.
ಸಮಯ ಸಾಲದೆ ಅಂದುಕೊಂಡಿದ್ದೆ.
ಚೋಮಿ ಕೊಯ್ಯುವ ತೋಟ ನನ್ನ ದೊಡ್ಡಪ್ಪನದು.
ಕೈಲ್‌ಪೋಳ್ದ್‌ಗೆ ಒಂದೇ ಹಾಸಿನ ಮೇಲೆ ಕೂತು
ಕಡಂಬಿಟ್ಟು ತಿನ್ನುವ ಒಕ್ಕ ನಮ್ಮದು.

ಕಿಡ್ನಿ ಪರೀಕ್ಷೆಗೆ ಬಂದ ಚೋಮಿ
ಫ್ರಿಜ್ಜಿನ ಮುಂದೆ ನಿಂತಿದ್ದಾಳೆ.
"ನನ್ನ ಕಾಲಿನ ಫೋಟೋದಿಂದ ಬಂದದ್ದಂತೆ,
ನನ್ನ ಹಾವಿಗೆ ಇದರಲ್ಲಿ ಯಾವುದು?"

ಆದರೆ, ಅಂದೆ ನಾನು.
ಅವಳು ಬೆಂಚಿನ ಮೇಲೆ ಕೂತಳು,
ಕಾಲು ಚಾಚಿ,
ಪೂರ್ತಿ ಹೇಳಿ ಅನ್ನುವ ಹಾಗೆ.

ಹೇಳಿದೆ. ತೊಂಬತ್ತು ಸೆಕೆಂಡೂ ಹಿಡಿಯಲಿಲ್ಲ.
ಚೀಯಣ್ಣನ ನಂಬರು ನನ್ನ ಫೋನಿನಲ್ಲಿದೆ,
ದೊಡ್ಡಪ್ಪನದೂ.
ಯಾರಿಗೆ ಮೊದಲು ಅಂತ
ಇನ್ನೂ ಬೆರಳು ಆಡಿಸುತ್ತಿದ್ದೇನೆ.