ನೆಲ ಡೊಂಕು

ಎರಡು ಎಂಜಿನ್ನು, ಎರಡು ಬ್ಯಾಟರಿ.
ಎಡದ್ದು ಹದಿನಾಲ್ಕೂಕಾಲು ವೋಲ್ಟು, ಉಂಡು ತೇಗಿದ ಮುಖ.
ಬಲದ್ದು ಹನ್ನೆರಡೂಕಾಲು.
ಬೆಳಿಗ್ಗೆ ಕೀಲಿ ತಿರುಗಿಸಿದರೆ ನರಳುತ್ತದೆ,
ಎಷ್ಟು ವೇಗ ಕೊಟ್ಟರೂ ಅಲ್ಲಿಂದ ಮೇಲೇಳುವುದಿಲ್ಲ.

ಏಪ್ರಿಲ್ಲು. ಓಲಂಡ್ ದ್ವೀಪಗಳ ನಡುವೆ ಮಂಜುಗಡ್ಡೆ
ಈಗಷ್ಟೇ ಬಿರಿದು ದಡಕ್ಕೆ ಒತ್ತಿಕೊಂಡಿದೆ,
ಒಡೆದ ಪಿಂಗಾಣಿಯನ್ನು ಗುಡಿಸಿ ಮೂಲೆಗೆ ಸರಿಸಿದ ಹಾಗೆ.
ಎಸ್ಕಿಲ್‌ನ ದೋಣಿ ನಾಳೆ ಆರಕ್ಕೆ ಹೊರಡಬೇಕು:
ಅಂಚೆಚೀಲ, ಏಳು ಕುರಿ, ಇನ್ಸುಲಿನ್ ಪೆಟ್ಟಿಗೆ,
ಹಲ್ಲು ಕೀಳಿಸಲು ಹೆದರಿ ಎರಡು ಸಲ ತಪ್ಪಿಸಿಕೊಂಡ ಹುಡುಗ.

"ಆಲ್ಟರ್ನೇಟರ್ ಸತ್ತಿದೆ, ಹೊಸದು ತರಿಸು" ಎಂದ ಎಸ್ಕಿಲ್.
ಎಲ್ಲರೂ ಮೊದಲು ಹೇಳುವುದು ಅದನ್ನೇ.
ದುಡಿಯುವವನ ಮೇಲೇ ಮೊದಲ ಗುಮಾನಿ.

ಮೊಣಕಾಲೂರಿ ಡೆಕ್ಕಿನ ಮುಚ್ಚಳ ಎತ್ತಿದೆ.
ಬೆಲ್ಟು ಒತ್ತಿ ನೋಡಿದೆ: ಬಿಗಿ.
ಬ್ಯಾಟರಿಯ ತಲೆ ಉಜ್ಜಿದೆ, ಸೀಸ ಹೊಳೆಯಿತು,
ಮುಳ್ಳು ಅಲುಗಲಿಲ್ಲ.
ಆಮೇಲೆ ಎರಡೂ ಆಲ್ಟರ್ನೇಟರ್ ಬಿಚ್ಚಿ ಅದಲುಬದಲು ಮಾಡಿದೆ.
ಎರಡು ಎಂಜಿನ್ನಿನ ಸುಖ ಇಷ್ಟೇ:
ಕೆಟ್ಟದ್ದರ ಪಕ್ಕದಲ್ಲೇ ಸರಿಯಾದದ್ದು ಇರುತ್ತದೆ, ಕೇಳಬಹುದು.
ಜ್ವರ ಜಾಗ ಬಿಡಲಿಲ್ಲ.

ಆಲ್ಟರ್ನೇಟರಿನ ಬಾಯಲ್ಲಿ ಅಳೆದೆ: ಹದಿನಾಲ್ಕೂಕಾಲು.
ಬ್ಯಾಟರಿಯ ಬಾಯಲ್ಲಿ: ಹನ್ನೆರಡೂಕಾಲು.
ಸಂಬಳ ಕೈಗೆ ಬಂದಿದೆ, ಮನೆಗೆ ಮುಟ್ಟಿಲ್ಲ;
ದಾರಿಯಲ್ಲಿ ಎರಡು ವೋಲ್ಟು ಯಾವ ಗಡಂಗು ಹೊಕ್ಕಿತು?
ಕೆಂಪು ತಂತಿಯುದ್ದಕ್ಕೂ ಹುಡುಕಿದೆ. ಸಭ್ಯ ತಂತಿ. ಏನೂ ಕದ್ದಿಲ್ಲ.
ಉಳಿದದ್ದು ಕರಿ ತಂತಿ, ಮರಳಿ ಬರುವ ದಾರಿ.
ಕಸುಬಿನವರು ಅದಕ್ಕೆ ನೆಲ ಎನ್ನುತ್ತೇವೆ.

ನೀರಿನ ಮೇಲೆ ನೆಲ ಎಲ್ಲಿಯದು ಎಂದು
ಕಲಿಯುವ ಕಾಲಕ್ಕೆ ಕೇಳಿ ಮುದುಕ ಸಿಕ್ಸ್‌ಟೆನ್‌ನನ್ನು ನಗಿಸಿದ್ದೆ.
ಎಂಜಿನ್ನಿನ ಮೈಯೇ ನೆಲ ಕಣೇ, ಎಂದಿದ್ದ,
ಎಲ್ಲ ದೀಪದ ಬೆಳಕೂ ಉರಿದು ಅಲ್ಲಿಗೇ ಹಿಂತಿರುಗಬೇಕು.

ಮೀಟರಿನ ಒಂದು ಮೊನೆ ಎಂಜಿನ್ನಿನ ಮೈಗೆ,
ಇನ್ನೊಂದು ಬ್ಯಾಟರಿಯ ಋಣದ ತುದಿಗೆ.
ಸೊನ್ನೆ ಇರಬೇಕಾದಲ್ಲಿ ಎರಡು.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಇಲ್ಲಿ ನೋಡಿದರೆ ನಿಜಕ್ಕೂ ನೆಲವೇ ಡೊಂಕು.

ಡೀಸೆಲ್ ಟ್ಯಾಂಕಿನ ಹಿಂದೆ ಭುಜದವರೆಗೆ ತೋಳು ತುರುಕಿ
ಬೆರಳಲ್ಲೇ ತಂತಿ ಎಣಿಸುತ್ತ ಹೋದೆ.
ಒಂದು ಗಂಟು. ಅಂಟಂಟು ಟೇಪು.
ಕತ್ತರಿಸಿ ಬೆಳಕಿಗೆ ತಂದರೆ ಒಳಗೆ
ಹಸಿರು ಪುಡಿಯಾದ ತಾಮ್ರ, ನಾಲ್ಕೈದು ಎಳೆ ಮಾತ್ರ ಜೀವಂತ.
"ಯಾವ ಕಟುಕ ಮಾಡಿದ್ದು ಇದನ್ನ?" ಎಂದು ಕೂಗಿದ ಮೇಲೆ
ಕಂಡಿತು, ಟೇಪಿನ ಮೇಲೆ ಮಾಸಿದ ಬಿಳಿ ಶಾಯಿ:
ತಾತ್ಕಾಲಿಕ. ಗುನ್ನೆಲ್.

ನಾನೇ.

ಹತ್ತೊಂಬತ್ತು ವರ್ಷ. ನನಗಾಗ ಇಪ್ಪತ್ತೆರಡು.
ನವೆಂಬರಿನ ರಾತ್ರಿ, ಎಡದ ಎಂಜಿನ್ನು ಆಗಲೇ ಕಣ್ಣು ಮುಚ್ಚಿತ್ತು,
ಎಸ್ಕಿಲ್‌ನ ಹೆಂಡತಿ ಮಾಯ್ಲಿಸ್ ಒಂದು ಕೈಯಲ್ಲಿ ಟಾರ್ಚು ಹಿಡಿದಿದ್ದಳು,
ಇನ್ನೊಂದು ಕೈಯಲ್ಲಿ ವಾಂತಿಯ ಬಕೆಟ್ಟು.
ದಡ ಮುಟ್ಟಿದ ಕೂಡಲೇ ಸರಿಯಾಗಿ ಕಟ್ಟುತ್ತೇನೆ ಅಂದಿದ್ದೆ.
ದಡ ಮುಟ್ಟಿದೆವು.

ಟೇಪನ್ನು ಜೇಬಿಗೆ ತುರುಕುವಷ್ಟರಲ್ಲಿ ಎಸ್ಕಿಲ್ ಬಗ್ಗಿದ.
ಕನ್ನಡಕ ಹಣೆಗೇರಿಸಿ ನಿಧಾನವಾಗಿ ಓದಿದ.
"ಆ ರಾತ್ರಿ ನಾವು ಮನೆ ಸೇರಿದ್ದು ಇದರಿಂದಲಾ" ಅಂದ.
ಸ್ವಲ್ಪ ಹೊತ್ತು ಬಿಟ್ಟು,
"ಹಾಗಾದರೆ ಇವತ್ತು ಅರ್ಧ ಕೂಲಿ."

ಹೊಸ ತಂತಿ, ದಪ್ಪದ್ದು, ತವರ ಬಳಿದದ್ದು.
ಬೋಲ್ಟಿಗೆ ಗ್ರೀಸು.
ಬಲದ್ದು ಹದಿನಾಲ್ಕು ದಾಟಿ ಎಡದ್ದರ ಪಕ್ಕ ಬಂದು ನಿಂತಿತು,
ನಡುವೆ ಒಂದು ದಶಾಂಶದ ಮುನಿಸು ಬಿಟ್ಟರೆ.
ಎಸ್ಕಿಲ್ ಕಾಫಿ ಕಾಯಿಸಲು ಹೋದ.

ನಾನು ಕೆಳಗೇ ಕೂತು, ಟ್ಯಾಂಕಿನ ಹಿಂದೆ
ಟೇಪು ಸುತ್ತಿದ ಗಂಟು ಇನ್ನೂ ಎರಡು ಕೈಗೆ ಹತ್ತಿದ್ದನ್ನು
ಕಾಫಿಗೆ ಮೊದಲು ಹೇಳುವುದೋ
ಆಮೇಲೋ ಎಂದು ಲೆಕ್ಕ ಹಾಕುತ್ತಿದ್ದೆ.