ಮೂವತ್ತೊಂದನೆಯ ಪುಟ

ಬಂದರಿನ ಗುಜರಿಯಲ್ಲಿ, ಹಡಗಿನವರು ಬಿಟ್ಟುಹೋದ
ರದ್ದಿಯ ನಡುವೆ ಸಿಕ್ಕಿದ್ದ ಅವನು.
ರಟ್ಟಿಲ್ಲ, ಕೊನೆಯ ಹಾಳೆಗಳಿಲ್ಲ,
ಮೈಗೆಲ್ಲ ಒಣಮೀನಿನ ವಾಸನೆ.
ಮುಖವಾಡದ ಲೆಕ್ಕಿಗ.
ಅವನ ಊರಲ್ಲಿ ಗಾಳಿಗೂ ರೇಷನ್ ಕಾರ್ಡು,
ತಲೆಗಿಷ್ಟು ಉಸಿರು, ದಿನಕ್ಕೆ.
ಮೀರಿದವರ ನಳಿಕೆ ತಿರುಪುವುದು ಅವನ ಕೆಲಸ.

ಇಂಗ್ಲಿಷು ನಮಗೆ ಅಷ್ಟಕ್ಕಷ್ಟೇ.
ಸವಾದ್ ಚಿತ್ರ ನೋಡಿಯೇ ಕಥೆ ಹೇಳುತ್ತಿದ್ದ,
ತಿಳಿಯದಲ್ಲಿ ಬ್ಯಾರಿ ಮಾತು ಸೇರಿಸಿ.
ಮೂವತ್ತೊಂದನೆಯ ಪುಟ ಬಂದರೆ ಮಾತ್ರ ಸುಮ್ಮನೆ:
ಮೆಟ್ಟಿಲಲ್ಲಿ ಕೂತ ಮುದುಕಿ,
ಲೆಕ್ಕಿಗನ ಕೈ ತಿರುಪಿನ ಮೇಲೆ,
ಮುಂದಿನ ಚೌಕ ಪೂರಾ ಕಪ್ಪು.
ಒಂದಕ್ಷರವಿಲ್ಲ.

ಆಮೇಲೆ ಅವನು ಆಟವಾದ.
ಹಂಪನಕಟ್ಟೆ, ಟೈಲರ್ ಅಂಗಡಿಯ ಮಾಳಿಗೆ,
ಬೊನಾ ಮಾಮನ ಪಾರ್ಲರು,
ಎರಡು ರೂಪಾಯಿಗೆ ಮೂರು ಜೀವ.
ಹೆಬ್ಬೆರಳುದ್ದದ ಲೆಕ್ಕಿಗ, ನಾಲ್ಕೇ ಬಣ್ಣ,
ಪೈಪಿನಿಂದ ಪೈಪಿಗೆ ಕಪ್ಪೆಯ ಹಾಗೆ ಹಾರುತ್ತಿದ್ದ.
ಯಾಕೆ ಹಾರಬೇಕು, ನಾವು ಕೇಳಲಿಲ್ಲ.

ಎರಡನೆಯ ಆಟದಲ್ಲಿ ಕೈಗೆ ಬಂದೂಕು ಬಂತು
(ಪುಸ್ತಕದಲ್ಲಿ ಇದ್ದದ್ದು ಒಂದು ಪಾನಾ, ಒಂದು ಪೆನ್ಸಿಲು).
ಕೆಂಪು ಗುಂಡಿಗೆ ಗುಂಡು, ಹಸಿರಿಗೆ ಒದೆ.
ಅದರಲ್ಲೂ ಮೆಟ್ಟಿಲಿತ್ತು. ಮುದುಕಿ ಇದ್ದಳು.
ಇನ್ನೂರು ಪಾಯಿಂಟು.

ಸವಾದ್ ಅವಳೆದುರು ಅವನನ್ನು ನಿಲ್ಲಿಸಿ
ಎರಡೂ ಕೈ ತೆಗೆದುಬಿಡುತ್ತಿದ್ದ.
"ಹೊಡಿ ಮಾರಾಯ, ಟೈಮ್ ಹೋಗ್ತದೆ!"
ಹಿಂದೆ ಸರತಿಯವರ ಬೊಬ್ಬೆ.
ಗಲ್ಲಾದಿಂದ ಬೊನಾ ಮಾಮ್: "ಎಂತ, ಸ್ಟಿಕ್ ಹಾಳಾಯ್ತಾ?"
"ಇಲ್ಲ ಮಾಮ್. ಗುಂಡಿ ಇಲ್ಲ."
ಸ್ವಲ್ಪ ಹೊತ್ತಿಗೆ ತೆರೆ ತಾನೇ ಕಪ್ಪಾಗುತ್ತಿತ್ತು.
ದುಡ್ಡು ಹಾಳು ಎಂದು ನಾನು ಬೈಯುತ್ತಿದ್ದೆ,
ಹೆಚ್ಚಾಗಿ ಅದು ನನ್ನದೇ ದುಡ್ಡು.

ಸವಾದ್ ಈಗ ಉಳ್ಳಾಲದಲ್ಲಿ ಏಸಿ ರಿಪೇರಿ ಮಾಡುತ್ತಾನಂತೆ.
ಲೆಕ್ಕಿಗ ನನ್ನ ಫೋನಿನಲ್ಲಿದ್ದಾನೆ.
ಮುಖವಾಡದ ಗಾಜಿನಲ್ಲಿ ದೀಪಗಳು ಸರಿಯುತ್ತವೆ,
ಅಂಗಿಯ ಹೊಲಿಗೆ ಕೂಡ ಕಾಣುತ್ತದೆ.
ಉಸಿರು ಮುಗಿದರೆ ಜಾಹೀರಾತು ನೋಡಬೇಕು,
ಇಲ್ಲವೇ ನಲವತ್ತೊಂಬತ್ತು ರೂಪಾಯಿ.
ಕಂಕನಾಡಿಯಿಂದ ಬಸ್ಸು ಹತ್ತಿದವಳು
ಮೂರು ದಿನ ಹುಡುಕಿದೆ ಆ ಮೆಟ್ಟಿಲನ್ನು.
ಸಿಕ್ಕಿತು. ಮುದುಕಿ ಇಲ್ಲ.
ಅವಳು ಕೂತಿದ್ದಲ್ಲಿ ಒಂದು ಪೆಟ್ಟಿಗೆ,
ಒಡೆದರೆ ನಾಣ್ಯ.

ಒಡೆಯದೆ ನಿಂತೆ.
ಅವನ ಎದೆ ಏರುತ್ತದೆ, ಇಳಿಯುತ್ತದೆ;
ಅಷ್ಟನ್ನು ಯಾರೋ ಪುಣ್ಯಾತ್ಮ ಶ್ರದ್ಧೆಯಿಂದ ಬರೆದಿದ್ದಾನೆ.
ತೆರೆ ಕೇಳಿತು: ಇನ್ನೂ ಆಡುತ್ತಿದ್ದೀರಾ?
ಹೌದು, ಇಲ್ಲ: ಎರಡೇ ಗುಂಡಿ.

"ಅಕ್ಕ, ಸ್ಟೇಟ್‌ಬ್ಯಾಂಕ್ ಆಯ್ತು," ಕಂಡಕ್ಟರ್ ಸೀಟಿನ ಕಂಬಿ ಬಡಿದ,
"ಇಳೀಲಿಕ್ಕೆ ಉಂಟಾ, ಇಲ್ವಾ?"